ನೀರು ಕುಡಿಯದ ಹುಡುಗಿಯರು

ಕುರುಗೋಡಿನ ಹೈಸ್ಕೂಲಿಗೆ ಪಾಠ ಹೇಳಲು ಸೇರಿದ ದಿನ ನಾನು ಮೊದಲು ನೋಡಿದ್ದು ಹುಡುಗಿಯರ ಶೌಚಾಲಯದ ಚಿಲಕವನ್ನು. ಹೆಡ್‌ಮಾಸ್ತರರು ನನ್ನನ್ನು ಒಂಥರಾ ನೋಡಿದರು. ನೋಡಲಿ. ಈ ಹುಚ್ಚು ನನಗೆ ಅಂಟಿದ್ದು ಸಿರುಗುಪ್ಪದಲ್ಲಿ ಪಿಯುಸಿ ಓದುವಾಗ, ಒಬ್ಬ ಗೆಳತಿಯ ದೆಸೆಯಿಂದ.

ನಾವು ಬಳ್ಳಾರಿಯವರು. ಗುಮಾಸ್ತರಾಗಿದ್ದ ಅಪ್ಪನಿಗೆ ವರ್ಗವಾಗಿ ಸಿರುಗುಪ್ಪಕ್ಕೆ ಬಂದಿದ್ದೆವು. ಕಾಲೇಜಿನವರು ನನ್ನನ್ನು ಪೀರ್ ಎಜುಕೇಟರ್ ಎಂದು ಆರಿಸಿ ಬಳ್ಳಾರಿಗೆ ತರಬೇತಿಗೆ ಕಳಿಸಿದರು. ಆರೋಗ್ಯದ ಮಾತನ್ನು ದೊಡ್ಡವರಿಗಿಂತ ಓರಗೆಯವರು ಹೇಳಿದರೆ ಹುಡುಗಿಯರು ಕೇಳುತ್ತಾರೆ ಎಂಬುದು ಅವರ ನಂಬಿಕೆ. ಅಲ್ಲಿ ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಚಿತ್ರಗಳ ಚಾರ್ಟು ಬಗಲಲ್ಲಿಟ್ಟುಕೊಂಡು ಬಸ್ಸಿಳಿದಾಗ ನನ್ನ ಗತ್ತೇನು, ಗೈರತ್ತೇನು!

ಮೊದಲ ಶನಿವಾರವೇ ಹುಡುಗಿಯರನ್ನು ಕೂಡಿಸಿ, ನೀರು ಕುಡಿಯಬೇಕೆಂದು ಭಾಷಣ ಬಿಗಿದೆ. ಹಚ್ಚೊಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಗೆಳತಿ ಕೂತಲ್ಲಿಂದಲೇ ಕೇಳಿದಳು: "ಕುಡುದ್ರ ಹೋಗಾಕ ಜಾಗ ಎಲ್ಲೈತಿ ಲೇ? ನಿನ್ನ ಚಾರ್ಟಿನ ಹಿಂದ ಕುಂದ್ರಲೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮಾತು ನಿಜ. ಕಾಲೇಜಿನ ಶೌಚಾಲಯಕ್ಕೆ ಚಿಲಕವಿರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ. ಬಸ್ಸಿನ ಹುಡುಗಿಯರು ಬೆಳಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಗುಟುಕು ನೀರು ಮುಟ್ಟುತ್ತಿರಲಿಲ್ಲ, ಅದೂ ನಮ್ಮ ಕಡೆಯ ಬಿಸಿಲಿನಲ್ಲಿ. ಕಾಲೇಜಿನ ಎದುರಿಗೇ ಮನೆಯಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಒಂದಕ್ಕ ಹೋದ್ರ ಉರೀತೈತಿ. ನಿನ್ನಿಯಿಂದ ಜ್ವರನೂ ಬಂದಾವು. ಮನ್ಯಾಗ ಗೊತ್ತಾದ್ರ, ಸಾಕು ಬುಡು ಕಾಲೇಜು ಅಂತಾರ."

ಹಾಗೆ ಅನ್ನುವವರೇ. ಹತ್ತನೆಯ ತರಗತಿಗೇ ಓದು ಬಿಡಿಸಲು ನೋಡಿದ್ದರು. ಅತ್ತೂ ಕರೆದೂ ಕಾಲೇಜು ಸೇರಿದವಳು ಅವಳು. ಹೇಗೋ ಒಪ್ಪಿಸಿ ತಾಲೂಕು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಗುಳಿಗೆ ಕೊಟ್ಟು, ಮನೆಯಲ್ಲಿ ಹೇಳಲೇಬೇಕು ಎಂದರು. "ನೀನೇ ಬಂದು ಹೇಳು," ಎಂದು ಅವಳು ನನಗೆ ಗಂಟುಬಿದ್ದಳು.

ಆ ವಾರ ನಾವೆಲ್ಲ ಸೇರಿ ಚಿಲಕ ಕೊಂಡು ತಂದು, ತಲೆಕೆಳಗಾಗಿ ಜಡಿದೆವು. ಪ್ರಿನ್ಸಿಪಾಲರು ಬೈದರು, ಆಮೇಲೆ ನಲ್ಲಿಯನ್ನೂ ಸರಿಮಾಡಿಸಿದರು. ಒಬ್ಬಳು ಒಳಗಿದ್ದರೆ ಹೊರಗೆ ನಾಲ್ವರು ಕಾವಲು ನಿಂತು ಹರಟುತ್ತಿದ್ದೆವು. ಅಷ್ಟು ಮನಸಾರೆ ಮತ್ತೆಂದೂ ನಕ್ಕಿಲ್ಲ ಅನ್ನಿಸುತ್ತದೆ.

ಭಾನುವಾರ ಹಚ್ಚೊಳ್ಳಿಗೆ ಹೋದೆವು. ಅವಳ ಅವ್ವ ಭತ್ತದ ನಾಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ: ಹೀಗಾಗಿರುವುದು ನೀರು ಕುಡಿಯದೆ, ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ದಯವಿಟ್ಟು ಕಾಲೇಜು ಬಿಡಿಸಬೇಡಿ. ಗೆಳತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಟ್ಟೆಯ ಮೇಲೆ ಕೂತಿದ್ದ ಗಂಡನನ್ನು ಅವ್ವ ಹಾಲು ತರಲು ಕಳಿಸಿದರು. ಅವರು ಓಣಿ ದಾಟುವವರೆಗೆ ಕಾದು, ನಮ್ಮನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಬಂದು ಕೂತರು.

"ಗದ್ಯಾಗ ದಿನಾ ಗಂಡಸ್ರು ಇರ್ತಾರವ್ವ. ನಾನೂ ನೀರು ಕುಡಿಯಂಗಿಲ್ಲ," ಎಂದರು. "ಇಕಿ ಹುಟ್ಟಾಕಿಂತ ಮೊದ್ಲಿಂದ ನನಗೂ ಉರಿ ಐತಿ. ಯಾರಿಗೆ ಹೇಳ್ಲಿ? ನಾಳಿ ಇಕಿ ಕಾಲೇಜಿಗೆ ಬರುವಾಗ ನಾನೂ ಬರ್ತೀನಿ. ಆ ಡಾಕ್ಟರಮ್ಮಗ ತೋರಸ್ತಿಯೇನು?"