ಈರಪ್ಪನಿಗೆ ಬರೆದುಕೊಟ್ಟ ಅರ್ಜಿಗಳು

ಕಡತದ ದಾರ ಬಿಚ್ಚಿದೊಡನೆ ಮೂರು ಬಾರಿ ಸೀನಿದೆ. ಕಾಗದಗಳ ನಡುವೆ ಒಣಮೆಣಸಿನಕಾಯಿಯ ಘಾಟು ಇನ್ನೂ ಉಳಿದಿತ್ತು. ಬ್ಯಾಡಗಿಯಲ್ಲಿ ವಾಸಿಸುವವನಿಗೆ ಘಾಟು ಹೊಸದಲ್ಲ. ಆದರೆ ಇದು ಮೋಟೆಬೆನ್ನೂರಿನ ಈರಪ್ಪ ತಂದುಕೊಟ್ಟ ಕಾಯಿಗಳದು. ಈರಪ್ಪ ತನ್ನ ಅಣ್ಣನ ಕಾಲು ಮುರಿದನೆಂಬುದು ಹಾವೇರಿಯ ನ್ಯಾಯಾಲಯದಲ್ಲಿ ಸಾಬೀತಾಗಿದೆ, ಶಿಕ್ಷೆಯಷ್ಟೇ ಬಾಕಿ. ಅವನನ್ನು ಸೆರೆಮನೆಗೆ ಕಳುಹಿಸಬೇಕೋ, ಎಚ್ಚರಿಕೆ ನೀಡಿ ಮನೆಗೆ ಬಿಡಬಹುದೋ ಎಂದು ಅವನನ್ನು ಬಲ್ಲವರನ್ನು ವಿಚಾರಿಸಿ ವರದಿ ಬರೆಯುವ ಅಧಿಕಾರಿಣಿಯ ಮುಂದೆ ನಾಳೆ ಹನ್ನೊಂದಕ್ಕೆ ನಾನು ಕುಳಿತಿರಬೇಕು. ಫೋನಿನಲ್ಲಿ ಆಕೆ ಕೇಳಿದ್ದು ಒಂದೇ: "ಅವರಿಗೆ ಮೊದಲಿಂದಾನೂ ಇಷ್ಟು ಸಿಟ್ಟು ಇತ್ತೇನ್ರಿ ಸರ?"

ಈ ಪ್ರಶ್ನೆಗೆ ನಮ್ಮೂರಿನಲ್ಲಿ ಉತ್ತರಗಳಿಗೆ ಬರವಿಲ್ಲ. ಚಹದಂಗಡಿಯಲ್ಲಿ ಒಬ್ಬ, "ಅವರಪ್ಪನೂ ಹಂಗ ಇದ್ದ, ರಕ್ತದಾಗ ಬಂದೈತಿ" ಎಂದ. ಇನ್ನೊಬ್ಬ, "ಏ, ಅವರಪ್ಪ ಇರಿವಿ ಸೈತ ತುಳೀತಿದ್ದಿಲ್ಲೋ! ಇಂವಗ ಬಿಸಲು ನೆತ್ತಿಗೇರಿತ್ತು" ಎಂದು ಗದರಿದ. ನಾನು ರಾಣೆಬೆನ್ನೂರಿನ ಗ್ರಂಥಾಲಯದಿಂದ ಅಪರಾಧ ಮನಃಶಾಸ್ತ್ರದ ಪುಸ್ತಕವೊಂದನ್ನು ತಂದು, ಮುದ್ರಣದೋಷಗಳನ್ನು ಪೆನ್ಸಿಲಿನಿಂದ ತಿದ್ದುತ್ತ ಓದಿದೆ. ಅನುವಂಶೀಯತೆ, ಬಾಲ್ಯದ ಗಾಯ, ಅದುಮಿಟ್ಟ ಕೋಪ: ಎಲ್ಲವೂ ಪರರ ವಿಷಯವಾದ್ದರಿಂದ ಹಿತವಾಗಿತ್ತು. ಕೋಪವನ್ನೂ ಮನುಷ್ಯ ಇನ್ನೊಬ್ಬರಿಂದ ಕಲಿಯುತ್ತಾನೆಂಬ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿಟ್ಟೆ.

ಶಾಲೆಯ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೂ ನನಗೊಂದು ಚಟ ಉಳಿದಿತ್ತು, ಜನರಿಗೆ ಅರ್ಜಿ ಬರೆದುಕೊಡುವುದು. ಈ ಕಾಲದಲ್ಲೂ ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆಯುವ ನನ್ನನ್ನು ಕಂಡು ಹೆಂಡತಿ ನಗುತ್ತಾಳೆ. "ಏನ್ ಬರೀತೀರಿ ಸರ!" ಎಂಬ, ಬರೆಸಿಕೊಂಡವರ ಒಂದು ಉದ್ಗಾರವೇ ನನಗೆ ಸಾಕಾಗಿತ್ತು. ಆರು ವರ್ಷಗಳ ಹಿಂದೆ ಈರಪ್ಪ ಬಂದು, ಕುರ್ಚಿಯಿದ್ದರೂ ಹೊಸ್ತಿಲ ಬಳಿ ಕುಳಿತ. ಅಣ್ಣ ನಿಂಗಪ್ಪ ಹೊಲದ ಬದುವನ್ನು ಎರಡು ಮೊಳ ಇವನ ಪಾಲಿನೊಳಗೆ ಒತ್ತಿದ್ದ.

"ಬದು ಹೋದ್ರ ಹೋಗ್ಲಿರಿ ಸರ. ಅಣ್ಣ ಮಾತಾಡಸವಲ್ಲ. ಎದುರಿಗೆ ಬಂದ್ರ ಮಾರಿ ತಿರುವ್ತಾನ. ಅದನ್ನ ಬರೀರಿ."

"ಅಣ್ಣ ಮಾತಾಡಸವಲ್ಲ ಅಂತ ತಹಶೀಲ್ದಾರರಿಗೆ ಬರೀತಾರೇನೋ ಹುಚ್ಚಪ್ಪ? ಅರ್ಜಿಗೆ ಒಂದು ಶಿಸ್ತು ಐತಿ."

ನಾನು ಬರೆದೆ: 'ಸದರಿ ನಿಂಗಪ್ಪನು ದುರುದ್ದೇಶದಿಂದ, ನನ್ನನ್ನು ನಿರ್ನಾಮ ಮಾಡುವ ಸಂಚು ಹೂಡಿ...' ಓದಿ ಹೇಳಿದಾಗ ಅವನು ಬೆರಗಾದ.

"ಸಂಚು? ಖರೇನ ಹಂಗ ಮಾಡ್ಯಾನೇನ್ರಿ ಅಂವ?"

"ಮತ್ತೇನು?" ಎಂದೆ. ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ವಾಕ್ಯಕ್ಕೆ ತೂಕ ಬೇಕಿತ್ತು, ಅಷ್ಟೆ.

ಎರಡನೆಯ ಅರ್ಜಿಗೆ ಬಂದಾಗ ಕುರ್ಚಿಯಲ್ಲಿ ಕುಳಿತ. ಐದನೆಯದಕ್ಕೆ, ನಾನು ಪೆನ್ನು ತೆಗೆಯುವ ಮೊದಲೇ, "ನಿರ್ನಾಮ ಅನ್ನೋದನ್ನ ಬಿಡಬ್ಯಾಡ್ರಿ" ಎಂದ. ಪ್ರತಿ ಸಲವೂ ಎರಡೆರಡು ಬಾರಿ ಓದಿಸಿಕೊಂಡು, ತುಟಿ ಅಲುಗಿಸುತ್ತ ಬಾಯಿಪಾಠ ಮಾಡುತ್ತಿದ್ದ. ಒಳ್ಳೆಯ ವಿದ್ಯಾರ್ಥಿ ಸಿಕ್ಕನೆಂದು ನಾನು ಹಿಗ್ಗಿದೆ, ನೋಡಿ! ಹೋಗುವಾಗ ಒಂದು ಚೀಲ ಮೆಣಸಿನಕಾಯಿ ಇಟ್ಟು ಹೋಗುತ್ತಿದ್ದ.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ, ಅದೇ ಬದುವಿನ ಮೇಲೆ, ಸಲಿಕೆಯ ಮರದ ಹಿಡಿಯಿಂದ ಅಣ್ಣನನ್ನು ಹೊಡೆದ. ನಿಂಗಪ್ಪನ ಹೆಂಡತಿ ನ್ಯಾಯಾಲಯದಲ್ಲಿ ಹೇಳಿದಳು: "ಹೊಡಿಯೋ ಮುಂದ ಏನೇನೋ ಪುಸ್ತಕದ ಮಾತು ಆಡಿದ್ನರಿ. ನನ್ನ ನಿರ್ನಾಮ ಮಾಡೋ ಸಂಚು ಹೂಡೀದಿ ಅಂದ. ನಮ್ಮ ಮೈದುನ ಹಂಗ ಮಾತಾಡಾಂವ ಅಲ್ರಿ."

ನಾನು ಹಿಂದಿನ ಬೆಂಚಿನಲ್ಲಿದ್ದೆ. ಈರಪ್ಪ ಒಮ್ಮೆ ನನ್ನತ್ತ ನೋಡಿ ಕಣ್ಣು ತಗ್ಗಿಸಿದ. ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಎದ್ದು ನಿಲ್ಲಲಿಲ್ಲ.

ಸಲಿಕೆ ಎತ್ತಿದ್ದು ಅವನ ಕೈಯೇ ತಾನೆ ಎಂದು ನೀವು ಸಮಾಧಾನ ಹೇಳಬಹುದು. ಒಪ್ಪುತ್ತೇನೆ. ಆದರೆ ನಾಳೆಯೂ ನಾನು ಸುಮ್ಮನಿದ್ದರೆ, ಹುಟ್ಟುಗುಣವೇ ಸಿಟ್ಟಿನದೆಂದು ವರದಿಯಾಗುತ್ತದೆ. ಅವನು ಸೆರೆಮನೆ ಸೇರುತ್ತಾನೆ. ಬಾಯಿಬಿಟ್ಟರೆ ಬ್ಯಾಡಗಿಯ ಬೀದಿಯಲ್ಲಿ ನಮಸ್ಕಾರಗಳು ಕಡಿಮೆಯಾಗುತ್ತವೆ. ಇಷ್ಟನ್ನು ತೂಗಲು ಎರಡು ವರ್ಷ ಹಿಡಿಯಿತು ನನಗೆ.

ಐದೂ ಪ್ರತಿಗಳನ್ನು ಚೀಲಕ್ಕೆ ಹಾಕಿದ್ದೇನೆ. ಜೊತೆಗೆ ನನ್ನ ಹೇಳಿಕೆ. ಅದರ ಮೊದಲ ಸಾಲನ್ನು ಓದಿ ಹೆಂಡತಿ ಕನ್ನಡಕ ಸರಿಪಡಿಸಿಕೊಂಡಳು. "ಇದೇನ್ರಿ, 'ಅಣ್ಣ ಮಾತಾಡಸವಲ್ಲ' ಅಂತ ಹಂಗ ಬಿಟ್ಟೀರಿ? ತಿದ್ದಾಂಗಿಲ್ಲೇನು?"

"ಅಂವ ಅಂದಿದ್ದು ಅದನ್ನ. ಇರ್ಲಿ."

ಹಾವೇರಿಯ ಬಸ್ಸು ಮೋಟೆಬೆನ್ನೂರಿನ ಮೇಲೆಯೇ ಹೋಗುತ್ತದೆ. ಒಂದು ತಾಸು ಮುಂಚೆ ಹೊರಟರೆ ನಡುವೆ ಇಳಿದು ನಿಂಗಪ್ಪನ ಬಾಗಿಲು ತಟ್ಟಬಹುದು. ಈರಪ್ಪ ಆರು ವರ್ಷಗಳ ಹಿಂದೆ ಹೊಸ್ತಿಲಲ್ಲಿ ಕುಳಿತು ಬಾಯಿಮಾತಿನಲ್ಲಿ ಹೇಳಿದ ಅರ್ಜಿ ತಲುಪಬೇಕಿದ್ದುದು ಆ ಮನೆಗೆ. ಅಲ್ಲಿ ಏನು ಹೇಳಬೇಕೆಂಬುದನ್ನು ನಾನು ಬರೆದುಕೊಂಡಿಲ್ಲ.