ಮಾವನ ಬ್ಯಾಟರಿ ಕಂದೀಲು

ದೆವ್ವ, ಭೂತ ಅಂದರೆ ನಾನು ನಗುತ್ತಿದ್ದವನು. ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯಲ್ಲಿ ದಿನವಿಡೀ ಲೇತ್ ಯಂತ್ರದ ಮುಂದೆ ನಿಲ್ಲುವ ನನಗೆ, ಅಳತೆಗೆ ಸಿಗದ್ದು ಯಾವುದೂ ಇಲ್ಲ ಎಂಬ ಗರ್ವವಿತ್ತು. ನೀವೂ ಹಾಗೆಯೇ ಇದ್ದರೆ, ಇದನ್ನು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಖಾನಾಪುರ ತಾಲೂಕಿನಲ್ಲಿ, ಲೋಂಡಾಕ್ಕೆ ಹೋಗುವ ದಾರಿಯ ಕಾಡಂಚಿಗೆ ನನ್ನ ಸೋದರತ್ತೆಯ ಮನೆ. ಅವಳ ಗಂಡ ರುದ್ರಪ್ಪ ಮಾವ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಒಂದು ಸಂಜೆ ಕಾಡಿಗೆ ಹೋದವರು ಮರಳಲಿಲ್ಲ. ಹೆಣವೂ ಸಿಗಲಿಲ್ಲ. ಅತ್ತೆ ತಾಳಿ ತೆಗೆಯಲಿಲ್ಲ. ಅಂದಿನಿಂದ ಹೊತ್ತು ಮುಳುಗುವಾಗ ಮಾವನ ಹಳೆಯ ಬ್ಯಾಟರಿ ಕಂದೀಲನ್ನು ಅಂಗಳದ ಕಂಬಕ್ಕೆ ತೂಗುಹಾಕುತ್ತಿದ್ದಳು. ಅದರ ಹಳದಿ ಬೆಳಕು ಕಂಡರೆ ಅವರು ಮನೆಯ ಗುರುತು ಹಿಡಿದು ಬರುತ್ತಾರೆ ಎಂಬುದೊಂದೇ ಅವಳ ಆಸೆ.

ಎರಡು ವರ್ಷದ ಹಿಂದೆ ಅದರ ಬಲ್ಬು ಸುಟ್ಟುಹೋಯಿತು. ತಿರುವಿ ಕೂರಿಸುವ ಅಂಥ ಪುಟ್ಟ ಬಲ್ಬು ಹುಡುಕಿ ಬೆಳಗಾವಿಯ ಅಂಗಡಿಗಳನ್ನೆಲ್ಲ ಅಲೆದು ಸಾಕಾದೆ. ಹೊಸ ಕಂದೀಲನ್ನೇ ಕೊಳ್ಳಿ ಎಂದು ನಕ್ಕವರೇ ಹೆಚ್ಚು. ಕಡೆಗೆ ಅನಗೋಳದ ಒಂದು ಅಂಗಡಿಯಲ್ಲಿ ಅದೇ ಅಳತೆಯ ಎಲ್‌ಇಡಿ ಸಿಕ್ಕಿತು.

"ಬಿಳೀದು ಅಷ್ಟ ಐತ್ರಿ. ಹಳದಿ ಬೇಕಂದ್ರ ಮುಂದಿನ ವಾರ ಬರ್ರಿ," ಎಂದ ಅಂಗಡಿಯವನು.

ಅಂಗಳ ಕತ್ತಲಾಗಿದೆ ಎಂದು ಅತ್ತೆಯದು ಫೋನಿನ ಮೇಲೆ ಫೋನ್. ಹಳದಿಗೆ ಹೇಳಿಟ್ಟು, ಸದ್ಯಕ್ಕೆ ಬಿಳಿಯದನ್ನೇ ಒಯ್ದೆ.

ಆ ಸಂಜೆ ಕಂದೀಲು ಹೊತ್ತಿದಾಗ ಅಂಗಳವೆಲ್ಲ ಆಸ್ಪತ್ರೆಯ ಹಾಗೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಬೇಲಿಯಾಚೆ ಎಮ್ಮೆಯ ಕೊರಳ ಗಂಟೆ ಕೇಳಿಸಿತು. ಹತ್ತಿರ ಬಂದು ನಿಂತಿತು. ಆಮೇಲೆ ಗಂಡಸಿನ ದನಿ, ಎಮ್ಮೆಗೆ ಹೇಳಿದ ಹಾಗೆ:

"ಇದು ನಮ್ಮನಿ ಅಲ್ಲ. ನಡಿ."

ಅದು ಮಾವನ ದನಿ. ಗಂಟೆ ಕಾಡಿನತ್ತ ಹೊರಟಿತು. ಅತ್ತೆ ಬೇಲಿಯವರೆಗೆ ಓಡಿ, "ರೀ, ಇಲ್ಲೇ ಬರ್ರಿ," ಎಂದು ಕೂಗಿದಳು. ಗಂಟೆ ನಿಲ್ಲಲಿಲ್ಲ.

"ಯಾರನ್ನ ಕರ್ಯಾಕತ್ತೀನಿ ಅಂತ ಅವರಿಗೆ ಹೆಂಗ ತಿಳೀಬೇಕೋ? ನಾ ಹೆಸರ ಹಿಡದು ಕರೀಲಿಲ್ಲಲ್ಲ," ಎಂದು ಅತ್ತೆ ಅತ್ತಳು. ಮದುವೆಯಲ್ಲಿ ಹೆಸರು ಸೇರಿಸಿ ಒಡಪಿನ ಪದ್ಯ ಹೇಳಿದ್ದು ಬಿಟ್ಟರೆ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಮುಂದಿನ ವಾರ ಹಳದಿ ಬಲ್ಬು ಒಯ್ದೆ. ಹೋಗಲು ಮನಸ್ಸಿರಲಿಲ್ಲ, ಅವಳೊಬ್ಬಳನ್ನೇ ಬಿಡುವುದೂ ಆಗಲಿಲ್ಲ. ಕಂದೀಲು ಹಚ್ಚಿ ಕಾದೆವು. ಗಂಟೆಯ ಸದ್ದಿಲ್ಲ. ಕಡೆಗೆ ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಕಾಡಿಗೆ ಮುಖ ಮಾಡಿ ನಿಂತು ಕೂಗಿದಳು.

"ರುದ್ರಪ್ಪಾ."

"ಓ" ಎಂದು ಉತ್ತರ ಬಂತು. ಬಂದದ್ದು ಕಾಡಿನಿಂದಲ್ಲ, ನಮ್ಮ ಬೆನ್ನ ಹಿಂದೆ, ಮನೆಯ ಒಳಗಿನಿಂದ.

ಒಳಗೆ ಯಾರೂ ಇರಲಿಲ್ಲ. ಇದ್ದ ನಾವಿಬ್ಬರೂ ಅಂಗಳದಲ್ಲೇ ನಿಂತಿದ್ದೆವು. ಅತ್ತೆ ಕಣ್ಣೊರೆಸಿಕೊಂಡು, ಕಂದೀಲು ಆರಿಸಿ ಒಳಗೆ ಹೋದಳು. ನಾನು ಹೋಗಲಿಲ್ಲ. ಗಾಡಿ ಹತ್ತಿ ಬೆಳಗಾವಿಗೆ ಬಂದುಬಿಟ್ಟೆ.

ಆಮೇಲೆ ಆ ಕಡೆ ಕಾಲಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ, ಬಲ್ಬು ಸರಿಯಾಗಿ ಉರಿಯುತ್ತಿದೆಯೇ ಎಂದು ಕೇಳಿದೆ.

"ಹೊರಗ ದೀಪ ಹಚ್ಚೂದು ಬಿಟ್ಟೀನಿ. ಇನ್ನ ಯಾಕ ಬೇಕೋ?" ಎಂದಳು ಅತ್ತೆ.

ಅವಳ ದನಿಯಲ್ಲಿ ನೆಮ್ಮದಿಯಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಆ ಹೆಸರಿಗೆ ಓಗೊಟ್ಟದ್ದು ಮಾವನೋ ಮತ್ತೇನೋ, ನನಗೆ ಇಂದಿಗೂ ತಿಳಿದಿಲ್ಲ. ಅವಳು ಯಾರ ಜೊತೆ ಇದ್ದಾಳೆ ಎಂದು ಕೇಳುವ ಧೈರ್ಯವೂ ಬಂದಿಲ್ಲ.