ಎರಡು ಬಂಗುಡೆ ಕೊಸರು

ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಗಂಗೊಳ್ಳಿಯ ಗಿರಿಜಾ ಕೂರುವ ಜಾಗ ಮೊದಲು ಅವಳ ಅತ್ತೆಯದು. ಎರಡು ಬುಟ್ಟಿ, ಒಂದು ಕತ್ತಿ ಇಟ್ಟರೆ ತುಂಬಿಹೋಗುವ ಆ ಜಾಗ ಉಳಿಯಬೇಕಾದರೆ ಭಾನುವಾರದ ಗಿರಾಕಿಗಳು ಉಳಿಯಬೇಕು.

ಅವರಲ್ಲಿ ದೊಡ್ಡವರು ಜಿತೇಂದ್ರ ಶೆಟ್ಟರು. ಮುಂಬೈಯಲ್ಲಿ ಹೋಟೆಲುಗಳಿವೆ. ಹೇಳಿದ ರೇಟಿಗೆ ಅವರು ಎಂದೂ ಮೀನು ಕೊಂಡವರಲ್ಲ. ಇಳಿಸಿ, ಮತ್ತೂ ಇಳಿಸಿ, ತೂಗಿದ ಮೇಲೆ ಚೀಲದ ಬಾಯಿ ಅಗಲಿಸಿ ನಿಲ್ಲುತ್ತಿದ್ದರು.

"ಕೊಸರ್ ಎಲ್ಲಿತ್ ಗಿರ್ಜಾ?"

"ನಿಮ್ಗ್ ಹಾಕಿ ಹಾಕಿ ನಾನ್ ಬರೀ ಬುಟ್ಟಿ ಹೊತ್ಕಂಡ್ ಹೋಪ್ದಾಯ್ತ್ ಶೆಟ್ರೆ," ಎನ್ನುತ್ತಲೇ ಅವಳು ಎರಡು ಬಂಗುಡೆ ಹೆಚ್ಚಿಗೆ ಹಾಕುತ್ತಿದ್ದಳು.

ಹಣ ಹೆಚ್ಚಾದಷ್ಟೂ ಮನುಷ್ಯನಿಗೆ ಒಂದು ರೂಪಾಯಿ ಹಗುರವಾಗುತ್ತದೆ ಎಂದು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದ್ದೇನೆ. ಬರೆದವರು ನಮ್ಮ ಮಾರ್ಕೆಟಿಗೆ ಬಂದಿರಲಿಕ್ಕಿಲ್ಲ.

ಹೋದ ವರ್ಷ ಹೆದ್ದಾರಿಯ ಬದಿಯಲ್ಲಿ ಏಸಿ ಮೀನಂಗಡಿ ತೆರೆಯಿತು. ಗಾಜಿನ ಬಾಗಿಲು, ನಿಗದಿತ ಬೆಲೆ. ಮೀನು ಮಾತ್ರ ಅದೇ ಗಂಗೊಳ್ಳಿ ಬಂದರಿನದು. ಶೆಟ್ಟರ ಕಾರು ಅಲ್ಲಿ ನಿಂತಿತು. ದೊಡ್ಡ ಕಾರು ನಿಂತಲ್ಲಿ ಮೀನು ಫ್ರೆಶ್ ಎಂಬುದು ನಮ್ಮವರ ನಂಬಿಕೆ. ಸಣ್ಣ ಕಾರುಗಳೂ ಹೋದವು, ಅವುಗಳ ಹಿಂದೆ ಸ್ಕೂಟರುಗಳು.

ಜನರಿಗೆ ಬೇಕಾದದ್ದು ನಿಗದಿತ ಬೆಲೆ ಎಂದು ಗಿರಿಜಾ ತಿಳಿದಳು. ರಟ್ಟಿನ ಮೇಲೆ ರೇಟು ಬರೆಸಿ ಬುಟ್ಟಿಗೆ ಸಿಕ್ಕಿಸಿದಳು. ಏಸಿ ಅಂಗಡಿಗಿಂತ ಕಡಿಮೆಯೇ. ಆದರೆ ಚೌಕಾಸಿ ಇಲ್ಲ, ಕೊಸರಿಲ್ಲ.

"ಎಂತ ಗಿರ್ಜಕ್ಕ, ಬೋರ್ಡ್ ಹಾಕಿರೆ ಏಸಿ ಗಾಳಿ ಬತ್ತಾ?" ಪಕ್ಕದಲ್ಲಿ ಮಾರುವ ಕುಸುಮ ಕೇಳಿದಳು.

ಬರಲಿಲ್ಲ. ಉಳಿದಿದ್ದ ಗಿರಾಕಿಗಳೂ ರಟ್ಟು ಓದಿ, "ಇವ್ಳಿಗೆಷ್ಟ್ ಸೊಕ್ಕ್ ಕಾಣಿ," ಎಂದು ಕುಸುಮಳೊಡನೆ ಚೌಕಾಸಿಗಿಳಿದರು. ರಟ್ಟು ತೆಗೆದ ಮೇಲೂ ಮರಳಲಿಲ್ಲ. ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿಯುವಾಗ ಅತ್ತೆಯ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು. ಗಿರಿಜಾ ಈಗ ಆ ಏಸಿ ಅಂಗಡಿಯಲ್ಲೇ ತಲೆಗೆ ಟೊಪ್ಪಿ, ಕೈಗೆ ಗ್ಲೌಸು ಹಾಕಿ ಸಂಬಳಕ್ಕೆ ಮೀನು ಕೊಯ್ಯುತ್ತಾಳೆ. ಅಂಕಿಅಂಶದವರು ಇದನ್ನು ಪ್ರಗತಿ ಎಂದು ಬರೆದುಕೊಳ್ಳುತ್ತಾರೆ.

ಮೊನ್ನೆ ಭಾನುವಾರ ನಾನೂ ಅಲ್ಲಿದ್ದೆ. ಶೆಟ್ಟರು ಬಂಗುಡೆ ತೋರಿಸಿದರು, ರೇಟು ಕೇಳಲಿಲ್ಲ. ತೂಕವಾಯಿತು, ಚೀಟಿ ಬಂತು. ಗಿರಿಜಾಳದು ಅಭ್ಯಾಸದ ಕೈ. ಎರಡು ಬಂಗುಡೆ ಎತ್ತಿ ಚೀಲಕ್ಕೆ ಹಾಕಹೋದಳು.

"ಬ್ಯಾಡ, ಬ್ಯಾಡ." ಶೆಟ್ಟರು ಚೀಲದ ಬಾಯಿ ಮುಚ್ಚಿದರು. "ಹಾಂಗೆಲ್ಲ ಕೊಟ್ರೆ ಅಂಗ್ಡಿಯವ್ರಿಗ್ ಲಾಸ್ ಆತ್ತಲ್ದಾ, ಪಾಪ."

ಗಿರಿಜಾ ಮೀನನ್ನು ಮಂಜುಗಡ್ಡೆಯ ಮೇಲೆ ವಾಪಸ್ಸು ಇಟ್ಟಳು.

"ಹೌದ್ ಶೆಟ್ರೆ," ಎಂದಳು. "ಪಾಪ."